ಮೂರೂರಿನ ಚೌಕಾಬಾರ

ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ದೇವದುರ್ಗಕ್ಕೆ ಹೋಗಿದ್ದೆ. ಕೆಲಸ ಮುಗಿದರೂ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿದ್ದರೂ ಕಾಲು ತಾನಾಗಿಯೇ ಹಳೆಯ ಓಣಿಯ ಕಡೆ ತಿರುಗಿತು. ಒಂದು ಕಾಲಕ್ಕೆ ನಾವು ಬಾಡಿಗೆಗಿದ್ದ ಮನೆಯ ಮುಂದೆ ಯಾರೋ ಹೆಣ್ಣುಮಗಳು ಕೊಡದಿಂದ ನೀರು ಹೊಯ್ದು ಪಡಸಾಲೆ ತೊಳೆಯುತ್ತಿದ್ದಳು. ನೆಲಕ್ಕೆ ಹಾಸಿದ ಕಾದ ಪರಸಿ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಆ ವಾಸನೆ ಸುಣ್ಣದ್ದೂ ಅಲ್ಲ, ಮಣ್ಣಿನದೂ ಅಲ್ಲ. ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ.

"ಯಾರು ಬೇಕಾಗಿತ್ರೀ?" ಎಂದು ಆಕೆ ಕೇಳಿದಳು.

ಯಾರು ಬೇಕಾಗಿತ್ತು ಎಂಬುದು ನನಗೂ ಸ್ಪಷ್ಟವಿರಲಿಲ್ಲ. "ಯಾರೂ ಇಲ್ಲವ್ವಾ. ಹಿಂದಕ ನಾವು ಈ ಮನಿಯಾಗ ಇದ್ವಿ," ಎಂದೆ. ಆಕೆ ಒಳಗೆ ಬರಲು ಕರೆದಳು. ಹೋಗಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ರಾಯಚೂರಿನ ಬಸ್ಸು ಬರುವ ತನಕವೂ, ಬಂದು ಹತ್ತಿದ ಮೇಲೂ ಆ ಒಂದು ಮಳೆಗಾಲವೇ ತಲೆಯಲ್ಲಿತ್ತು.

ಎಂಟು ವರ್ಷದ ಹಿಂದಿನ ಮಾತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕು ನಾನು ದೇವದುರ್ಗಕ್ಕೆ ಬಂದು ಒಂದು ವರ್ಷವಾಗಿತ್ತು. ನನ್ನೂರು ಮಾನ್ವಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು, ಆಮೇಲೆ ಕಾಲೇಜೊಂದರಲ್ಲಿ ಜವಾನನಾದವನು. ಅವ್ವ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚಿದವಳು. ಬುದ್ಧನ ಪಟದ ಕೆಳಗೆ ಚಿಮಣಿ ಹಚ್ಚಿಟ್ಟುಕೊಂಡು ನಾವು ಐದು ಮಕ್ಕಳು ಓದಿದ್ದೆವು. ಸುಜಾತಾ ಎಂಬ ನನ್ನ ಹೆಸರನ್ನು ಹಾಜರಿ ಪುಸ್ತಕದಲ್ಲಿ 'ಟೀಚರ್' ಎಂಬುದರ ಜೊತೆ ಮೊದಲ ಸಲ ನೋಡಿದ ದಿನ ಅಪ್ಪನಿಗೆ ಫೋನು ಹಚ್ಚಿ, ಏನೂ ಮಾತಾಡಲಾಗದೆ ಇಟ್ಟುಬಿಟ್ಟಿದ್ದೆ.

ಅದೇ ದಿನ, ಅದೇ ಗಂಟೆಯಲ್ಲಿ, ಅದೇ ಮೇಜಿನ ಮುಂದೆ ಇನ್ನೊಬ್ಬಳು ಹಾಜರಾದಳು. ಅವಳದೂ ಗಣಿತವೇ. ರಾಯಚೂರಿನವಳು, ಶಾಹೀನ್. ನಾಲ್ವರು ಅಣ್ಣತಮ್ಮಂದಿರ ನಡುವೆ ಒಬ್ಬಳೇ ಹೆಣ್ಣುಮಗಳು. ಅವಳ ಕನ್ನಡದಲ್ಲಿ ಉರ್ದು ಮಾತು ಬೇಳೆಯಲ್ಲಿ ಒಗ್ಗರಣೆಯ ಹಾಗೆ ಸಿಡಿಯುತ್ತಿತ್ತು. ಹಾಜರಾದ ದಿನವೇ ಇಬ್ಬರೂ ಮನೆ ಹುಡುಕಲು ಹೊರಟೆವು. ನಮ್ಮಿಬ್ಬರ ಹೆಸರು, ಊರು ಕೇಳಿದ ಮೇಲೆ ಮೂರು ಮನೆಯವರಿಗೆ ತಮ್ಮ ಖೋಲಿ ಖಾಲಿ ಇಲ್ಲವೆಂಬುದು ನೆನಪಾಯಿತು. ನಮ್ಮ ಶಾಲೆಯ ಆಟದ ಮಾಸ್ತರ ದುರುಗಪ್ಪ ಸರ್ ಅದನ್ನು ಕೇಳಿ, "ನಮ್ಮ ಮನಿಯಾಗ ಮುಂದಿನ ಖೋಲಿ ಅದ, ಬರ್ರಿ," ಎಂದರು. ಅವರ ಹೆಂಡತಿ ಹುಲಿಗೆಮ್ಮ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: "ಚೌಕಾಬಾರ ಆಡಾಕ ಬರ್ತದೇನ್ರೀ ಟೀಚರ್?"

ಚೌಕಾಬಾರ ಬಾರದವರು ನಮ್ಮ ಕಡೆ ಯಾರಿದ್ದಾರೆ! ಹುಲಿಗೆಮ್ಮನ ಪಡಸಾಲೆಯ ಪರಸಿ ಕಲ್ಲಿನ ಮೇಲೆ ಅವರ ಮಾವನ ಕಾಲಕ್ಕೇ ಉಳಿಯಿಂದ ಕೊರೆದ ಇಪ್ಪತ್ತೈದು ಮನೆಗಳ ಆಟವಿತ್ತು. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ಬಾರ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಗಿನ ಸಾಲು ಸುತ್ತಿ, ಒಳಗಿನ ಸಾಲು ಸುತ್ತಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ದಾರಿಯಲ್ಲಿ ಇನ್ನೊಬ್ಬರ ಕಾಯಿ ಇದ್ದ ಮನೆಗೇ ಬಂದಿಳಿದರೆ ಅದನ್ನು ಕಡಿಯಬಹುದು. ಕಡಿಸಿಕೊಂಡ ಕಾಯಿ ಮೊದಲಿನಿಂದ ಹೊರಡಬೇಕು. ನನ್ನ ಕಾಯಿ ಹುಣಸೆ ಬೀಜ, ಶಾಹೀನಳದು ಒಡೆದ ಹಸಿರು ಬಳೆಯ ಚೂರು, ಹುಲಿಗೆಮ್ಮನದು ಶೇಂಗಾ ಸಿಪ್ಪೆ, ದುರುಗಪ್ಪ ಸರ್ ಅವರದು ಶಾಲೆಯಿಂದ ಜೇಬಿನಲ್ಲಿ ಬಂದ ಸುಣ್ಣದ ಕಡ್ಡಿಯ ತುಂಡು.

ಆಟ ಒಂದೇ. ಆದರೆ ಊರಿಗೊಂದು ನಿಯಮ. ಒಂದಾದರೂ ಕಾಯಿ ಕಡಿಯದವರು ಒಳಸಾಲಿಗೆ ಕಾಲಿಡುವಂತಿಲ್ಲ ಎಂಬುದು ಶಾಹೀನಳ ರಾಯಚೂರಿನ ಕಾಯಿದೆ. ನಮ್ಮ ಮಾನ್ವಿಯ ಓಣಿಯಲ್ಲಿ ಹಾಗಿರಲಿಲ್ಲ. ಕಡಿದರೆ ಕಡಿ, ಬಿಟ್ಟರೆ ಬಿಡು, ಸುತ್ತು ಮುಗಿಸಿದವರು ಒಳಗೆ. ಹುಲಿಗೆಮ್ಮನ ದೇವದುರ್ಗದ ಲೆಕ್ಕವೇ ಬೇರೆ. ಅವರ ಪ್ರಕಾರ ಈ ಆಟದಲ್ಲಿ ಗೆದ್ದವರು ಅಂತ ಯಾರೂ ಇಲ್ಲ. ಎಲ್ಲರ ಕಾಯಿಯೂ ಹಣ್ಣಾಗುವ ತನಕ ಆಡಬೇಕು. ಕೊನೆಗೆ ಉಳಿದವರು ಕತ್ತೆ, ಅಷ್ಟೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಊಟ, ನಿದ್ದೆ ಆದ ಮೇಲೆ ಆಟಕ್ಕೆ ಕೂತರೆ ಮೊದಲ ಅರ್ಧ ಗಂಟೆ ಈ ಜಗಳವೇ. ಕಡೆಗೆ ದುರುಗಪ್ಪ ಸರ್ ಒಂದು ತೀರ್ಪು ಕೊಟ್ಟರು: "ಅವತ್ತು ಚಾ ಯಾರು ಮಾಡ್ತಾರ, ಅವತ್ತು ಅವರ ಊರಿನ ಕಾಯ್ದೆ." ಅದರ ಮೇಲೆ ಚಹಾ ಮಾಡಲು ಒಲೆಯ ಮುಂದೆ ಪೈಪೋಟಿ ಸುರುವಾಯಿತು.

ಆ ವರ್ಷ ಜೂನ್ ತಿಂಗಳಿಡೀ ಮೋಡ ಬರುತ್ತಿತ್ತು, ಹೋಗುತ್ತಿತ್ತು. ಸೆಕೆ ಮಾತ್ರ ಮೈಗೆ ಅಂಟಿಕೊಂಡೇ ಇತ್ತು. ಜುಲೈ ನಡುವಿನಲ್ಲಿ ಒಂದು ಮಂಗಳವಾರ ಹೆಡ್‌ಮಾಸ್ತರರು ನಮ್ಮಿಬ್ಬರನ್ನೂ ಕರೆಸಿದರು. ಮಕ್ಕಳ ಸಂಖ್ಯೆ ಕಡಿಮೆಯಾಗಿದ್ದರಿಂದ ಗಣಿತದ ಒಂದು ಹುದ್ದೆ ಹೆಚ್ಚುವರಿ ಎಂದು ಆದೇಶ ಬಂದಿತ್ತು. ಇಬ್ಬರಲ್ಲಿ ಒಬ್ಬರು ಬೇರೆ ಕಡೆ ಹೋಗಬೇಕು.

"ಕಿರಿಯರಾದವರು ಹೋಗಬೇಕಂತ ಅದ," ಎಂದರು ಹೆಡ್‌ಮಾಸ್ತರರು. "ನೀವಿಬ್ರೂ ಒಂದೇ ದಿನ ಹಾಜರಾದವರು. ನಾ ಏನ್ ಮಾಡಲಿ? ನೀವು ನೀವೇ ಮಾತಾಡಿಕೊಂಡು ಸೋಮವಾರ ಒಬ್ರು ಒಪ್ಪಿಗಿ ಬರದು ಕೊಡ್ರಿ."

ಎಲ್ಲಿಗೆ ಹೋಗಬೇಕು ಎಂಬುದು ಯಾರಿಗೂ ತಿಳಿಯದು. ರಾಯಚೂರಿನಲ್ಲಿ ಕರೆದು, ಖಾಲಿ ಇರುವ ಊರುಗಳ ಪಟ್ಟಿ ತೋರಿಸಿ ಆರಿಸಿಕೊಳ್ಳಲು ಹೇಳುತ್ತಾರಂತೆ. ಕವಿತಾಳದ ಕಡೆ ಖಾಲಿ ಇದೆ ಎಂದು ಒಬ್ಬರು, ಕೃಷ್ಣೆಯ ದಂಡೆಗೆ ದೇವಸುಗೂರಿನ ಕಡೆ ಎಂದು ಇನ್ನೊಬ್ಬರು, ಮಾನ್ವಿಯಲ್ಲೇ ಒಂದಿದೆ ಎಂದು ಮತ್ತೊಬ್ಬರು. ಹೋಗುವುದು ಲಾಭವೋ ನಷ್ಟವೋ ಎಂಬುದೇ ತಿಳಿಯದ ಮೇಲೆ ಏನೆಂದು ಮಾತಾಡುವುದು? ಒಂದೇ ಖೋಲಿ, ಎರಡು ಚಾಪೆ, ಒಂದು ಬಕೆಟ್ಟು. ಅಷ್ಟರಲ್ಲಿ ಬದುಕುತ್ತಿದ್ದ ನಾವು ಮಂಗಳವಾರದಿಂದ ಶನಿವಾರದ ತನಕ ಪಲ್ಯಕ್ಕೆ ಉಪ್ಪು ಸಾಕೋ, ಛತ್ರಿ ಎಲ್ಲಿದೆ ಎಂಬುದರಾಚೆ ಏನೂ ಆಡಲಿಲ್ಲ.

ನನಗೇನು ಬೇಕು ಎಂದು ರಾತ್ರಿ ಮಲಗಿ ಕೇಳಿಕೊಳ್ಳುತ್ತಿದ್ದೆ. ಮಾನ್ವಿ ಸಿಕ್ಕರೆ ಮನೆಯವರ ನಡುವೆ ಇರಬಹುದು. ಆದರೆ ಮಾನ್ವಿಗೆ ಹೋದರೆ ನಾನು ಮತ್ತೆ ಐವರಲ್ಲಿ ಒಬ್ಬಳು. ಇಲ್ಲಿ ಸುಜಾತಾ ಟೀಚರ್. ಶಾಹೀನ್ ಏನು ಬಯಸುತ್ತಾಳೆ? ತನ್ನ ಮನೆಗೆ ಹತ್ತಿರವಾಗಲು ಯಾರು ಬಯಸುವುದಿಲ್ಲ? ಆದರೆ ಮನೆಯಿಂದ ಬರುವ ಫೋನಿಗೆ ಅವಳು ಯಾಕೆ ಅಷ್ಟು ಸಣ್ಣ ದನಿಯಲ್ಲಿ "ಹಾಂ ಅಮ್ಮೀ, ಹಾಂ ಅಮ್ಮೀ" ಎನ್ನುತ್ತಾಳೆ? ಒಂದು ರಾತ್ರಿ ಅವಳು ಇಲ್ಲೇ ಇರಲು ಬಯಸುತ್ತಾಳೆ ಎನ್ನಿಸುತ್ತಿತ್ತು. ಮರುರಾತ್ರಿ ಹೋಗಲು ಬಯಸುತ್ತಾಳೆ ಎನ್ನಿಸುತ್ತಿತ್ತು.

ಶನಿವಾರ ಬಂತು. ಆಟಕ್ಕೆ ಕೂರುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಹುಲಿಗೆಮ್ಮ ಬಿಡಲಿಲ್ಲ. ಹಾಲು ಒಡೆದಿತ್ತು ಎಂದು ದುರುಗಪ್ಪ ಸರ್ ಹೋಟೆಲಿನಿಂದ ಚಹಾ ತಂದರು. ಕವಡೆ ಕೈಯಲ್ಲಿ ಕುಲುಕುತ್ತ ಅವರೇ ಆ ಮಾತು ತೆಗೆದರು.

"ನಾಕು ದಿನ ಆತು, ನಿಮ್ಮ ಖೋಲ್ಯಾಗ ಮಾತೇ ಇಲ್ಲ. ಹಿಂಗ ಮಾಡ್ರಿ. ಇವತ್ತು ನಿಮ್ಮಿಬ್ರಾಗ ಯಾರು ಗೆಲ್ತೀರಿ, ಅವರು ಮೊದಲ ಬಾಯಿ ಬಿಟ್ಟು ಹೇಳಬೇಕು. ಇರ್ತೀನಿ ಅಂತಾನೋ, ಹೋಗ್ತೀನಿ ಅಂತಾನೋ. ಇನ್ನೊಬ್ರು ಹೂಂ ಅನ್ನಬೇಕು. ಮುಗೀತು."

"ಇದೇನು ಹುಡುಗಾಟನ?" ಎಂದು ಹುಲಿಗೆಮ್ಮ ಗಂಡನನ್ನು ಗದರಿಸಿದರು.

"ನನಗ ಒಪ್ಪಿಗಿ ಅದ," ಎಂದಳು ಶಾಹೀನ್, ನನ್ನ ಮುಖ ನೋಡದೆ.

"ನನಗೂ," ಎಂದೆ. ಹೇಳಿದ ಮೇಲೆ, ಗೆದ್ದರೆ ನಾನು ಏನೆಂದು ಹೇಳಬೇಕು ಎಂಬುದು ನನಗೇ ಗೊತ್ತಿಲ್ಲವಲ್ಲ ಎಂದು ಹೊಳೆಯಿತು.

ಆಟ ಸುರುವಾಯಿತು. ಪಡುವಣದ ಕಡೆ ಮೋಡ ಕಪ್ಪಾಗುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಶನಿವಾರದ ನಮ್ಮ ಆಟವೆಂದರೆ ಓಣಿಯ ತುದಿಗೆ ಕೇಳುವಂಥ ಗದ್ದಲ. ಅವತ್ತು ಕವಡೆಯ ಸದ್ದು ಬಿಟ್ಟರೆ ಏನಿಲ್ಲ. ಹುಲಿಗೆಮ್ಮನಿಗೆ ಒಂದರ ಮೇಲೊಂದು ಬಾರ ಬಿದ್ದವು, ಅವರ ಕಾಯಿಗಳು ಬೇಗ ಹಣ್ಣಾದವು. ನಮ್ಮಿಬ್ಬರ ಕಾಯಿಗಳೆಲ್ಲ ಇನ್ನೂ ಹೊರಸಾಲಿನಲ್ಲೇ ಹಿಂದೆಮುಂದೆ ಇದ್ದವು. ಒಂದು ಸಲ ನನಗೆ ಮೂರು ಬಿತ್ತು. ನೋಡಿದರೆ, ಮೂರು ಮನೆ ಮುಂದೆ ಶಾಹೀನಳ ಹಸಿರು ಬಳೆ ಚೂರು. ಸುತ್ತು ಮುಗಿಸಿ ಇನ್ನೇನು ಒಳಗೆ ಹೋಗಬೇಕಾಗಿದ್ದ ಕಾಯಿ ಅದು. ಕಡಿದರೆ ಅವಳು ಮತ್ತೆ ಮೊದಲಿನಿಂದ.

ಹುಣಸೆ ಬೀಜ ಎತ್ತಿದೆ. ಇಡಲಾಗಲಿಲ್ಲ. ಅದನ್ನು ಮೊದಲಿದ್ದಲ್ಲೇ ಇಟ್ಟು, ಹಿಂದಿದ್ದ ಇನ್ನೊಂದು ಕಾಯಿಯನ್ನು ಮೂರು ಮನೆ ನಡೆಸಿದೆ.

"ಕಡೀಲಿಲ್ಲ?" ಎಂದಳು ಶಾಹೀನ್.

"ನೋಡಲಿಲ್ಲ," ಎಂದೆ.

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಕವಡೆ ತೆಗೆದುಕೊಂಡಳು. ಅಷ್ಟರಲ್ಲಿ ಗಾಳಿ ಎದ್ದಿತು, ಹಿಂದೆಯೇ ದಪ್ಪ ಹನಿ. ಕರೆಂಟು ಹೋಯಿತು. ಹುಲಿಗೆಮ್ಮ ಒಳಗೆ ಹೋಗಿ ಲಾಟೀನು ಹುಡುಕತೊಡಗಿದರು. ಅದೇ ಹೊತ್ತಿಗೆ ಶಾಹೀನಳ ಫೋನು ಬಂತು. "ಹಾಂ ಅಮ್ಮೀ," ಎನ್ನುತ್ತ ಅವಳು ಗೋಡೆಗೆ ಮುಖ ಮಾಡಿ ಕೂತಳು; ಮುಂದಿನ ಮಾತು ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಒಂದು ಕೈಯಿಂದ ಕವಡೆ ಬಿಡುತ್ತಿದ್ದಳು, ಕಾಯಿ ನಡೆಸುತ್ತಿದ್ದಳು. ಮನಸ್ಸು ಎಲ್ಲಿತ್ತೋ. ನನಗೆ ಬಾರ ಬಿತ್ತು, ಬೆನ್ನಿಗೇ ಚೌಕ. ನನ್ನ ಕಾಯಿಗಳು ಒಂದೊಂದಾಗಿ ಒಳಸಾಲಿಗೆ ಹೋದವು. ಲಾಟೀನು ಬರುವಾಗ ಕಡೆಯದೊಂದು ಬಿಟ್ಟು ಉಳಿದವೆಲ್ಲ ನಡುಮನೆಯಲ್ಲಿದ್ದವು. ಫೋನು ಇಟ್ಟು ಶಾಹೀನ್ ತಿರುಗಿದಳು. ನನಗೆ ಬೇಕಾಗಿದ್ದದ್ದು ಎರಡು. ಎರಡೇ ಬಿತ್ತು.

"ಮುಗೀತು," ಎಂದೆ. ಖುಷಿಯಾಯಿತೋ ಭಯವಾಯಿತೋ ತಿಳಿಯಲಿಲ್ಲ.

ಶಾಹೀನ್ ಕಲ್ಲಿನ ಮೇಲಿನ ಮನೆಗಳನ್ನೇ ನೋಡುತ್ತಿದ್ದಳು. "ನೀ ಇವತ್ತು ಒಂದರ ಕಾಯಿ ಕಡದೀ ಏನು?"

"ಇಲ್ಲ."

"ಕಡೀಲಾರದ ಒಳಗ ಹೆಂಗ ಹೋದಿ?"

"ನಮ್ಮ ಮಾನ್ವ್ಯಾಗ ಕಡೀಬೇಕಂತ ಇಲ್ಲ."

"ಇದು ಮಾನ್ವಿ ಅಲ್ಲ."

"ರಾಯಚೂರೂ ಅಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇವತ್ತು ಚಾ ಯಾರೂ ಮಾಡಿಲ್ಲ, ಹೋಟೆಲಿಂದ ಬಂದದ. ಯಾರ ಕಾಯ್ದೇನೂ ಇಲ್ಲ. ನಾ ಒಳಗ ಹೋಗೂವಾಗ ನೀ ನೋಡಿದ್ದಿಲ್ಲೇನು? ಆವಾಗ ಯಾಕ ಸುಮ್ಮನಿದ್ದಿ?"

"ನೋಡಿದ್ದೆ. ಗೆದ್ದುಕೊಳ್ಳಲಿ ಅಂತ ಸುಮ್ಮನಿದ್ದೆ."

"ನನಗ ಯಾರ ಭಿಕ್ಷಾನೂ ಬ್ಯಾಡ."

"ಮತ್ತ ನೀ ನನ್ನ ಕಾಯಿ ಯಾಕ ಬಿಟ್ಟಿ? ಕಣ್ಣ ಮುಂದ ಇದ್ದದ್ದು ಕಾಣಲಿಲ್ಲೇನು? ಅದು ಭಿಕ್ಷಾ ಅಲ್ಲೇನು?"

ಅವಳ ಕಾಯಿ ಕಡಿದಿದ್ದರೆ ರಾಯಚೂರಿನ ಕಾಯಿದೆಯಲ್ಲೂ ನಾನು ಗೆದ್ದಿರುತ್ತಿದ್ದೆ, ಯಾರೂ ತಕರಾರು ಮಾಡುವಂತಿರಲಿಲ್ಲ. ಬಿಟ್ಟದ್ದಕ್ಕೇ ನನ್ನ ಗೆಲುವು ಗೆಲುವಲ್ಲವಾಗಿತ್ತು. ಬಿಟ್ಟದ್ದು ಯಾಕೆ? ಅವಳಿಗಾಗಿಯೋ, ಗೆಲ್ಲಲು ಹೆದರಿಯೋ?

ಹುಲಿಗೆಮ್ಮ ಲಾಟೀನನ್ನು ನಮ್ಮ ನಡುವೆ ಇಟ್ಟರು. "ಯವ್ವಾ, ಜಗಳ ಯಾಕ? ನಮ್ಮ ಕಡಿ ಗೆದ್ದೋರು ಯಾರಂತ ಕೇಳಂಗೇ ಇಲ್ಲ. ಕಡೀಕ ಉಳದೋರು ಯಾರಂತ ಕೇಳ್ತಾರ. ಇನ್ನ ಆಟ ಮುಗದಿಲ್ಲ, ಆಡ್ರಿ."

ಕಡೆಗೆ ಉಳಿದವರು ದುರುಗಪ್ಪ ಸರ್. ಅವರ ಎರಡು ಸುಣ್ಣದ ತುಂಡು ಇನ್ನೂ ಹೊರಗೇ ಇದ್ದವು. "ಹಂಗಾದ್ರ ವರ್ಗ ಆಗಬೇಕಾದಾಂವ ನಾನ!" ಎಂದು ಅವರು ಜೋರಾಗಿ ನಕ್ಕರು. ಯಾರೂ ಜೊತೆಗೆ ನಗದಿದ್ದಾಗ ನಗು ನಡುವೆ ನಿಂತಿತು. ಶಾಹೀನ್ ತನ್ನ ಬಳೆ ಚೂರುಗಳನ್ನು ಆಟದಲ್ಲೇ ಬಿಟ್ಟು ಎದ್ದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ನಾನೂ ಹೋದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. "ಖರೇನ ನೋಡಿದ್ದೇನು, ನಾ ಒಳಗ ಹೋಗೂವಾಗ?" ಎಂದು ಕೇಳಿದೆ.

"ಇಲ್ಲ. ಅಮ್ಮಿ ಕೂಡ ಮಾತಾಡಾಕತ್ತಿದ್ದೆ. ಏನೂ ನೋಡಿಲ್ಲ. ಮಲ್ಕೋ."

ನೋಡಿದ್ದೆ ಎಂದದ್ದು ನಿಜವೋ, ನೋಡಿಲ್ಲ ಎಂದದ್ದು ನಿಜವೋ? ಭಾನುವಾರವಿಡೀ ಮಳೆ ಸುರಿಯಿತು. ಹೊರಗೆ ಹೋಗುವಂತಿಲ್ಲ, ಒಳಗೆ ಮಾತಾಡುವಂತಿಲ್ಲ. ಅವಳು ಅಷ್ಟು ಸಿಟ್ಟಾದದ್ದು ಇಲ್ಲಿಯೇ ಇರಬೇಕೆಂಬ ಆಸೆಗೆ ಎಂದು ಮಧ್ಯಾಹ್ನದ ಹೊತ್ತಿಗೆ ನಾನು ತೀರ್ಮಾನಿಸಿದೆ. ಸಂಜೆ ಅದೇ ಸಿಟ್ಟು ಅಭಿಮಾನಕ್ಕೆ ಪೆಟ್ಟು ಬಿದ್ದದ್ದಕ್ಕೆ ಎನ್ನಿಸಿತು. ಸೋಮವಾರ ಬೆಳಗಿನ ಪ್ರಾರ್ಥನೆಗೆ ಮುಂಚೆ, ತಲೆ ಚಿಟ್ಟು ಹಿಡಿದು, ನೋಟ್‌ಬುಕ್ಕಿನ ಹಾಳೆ ಹರಿದು ನಾನೇ ಹೋಗಲು ಒಪ್ಪಿದ್ದೇನೆಂದು ಬರೆದು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಬಂದೆ. ಅದನ್ನು ಬರೆದದ್ದು ಅವಳ ಮೇಲಿನ ಪ್ರೀತಿಗೋ, ಹಟಕ್ಕೋ, ಮಾನ್ವಿ ಸಿಕ್ಕೀತು ಎಂಬ ಒಳ ಆಸೆಗೋ, ಇವತ್ತಿಗೂ ಹೇಳಲಾರೆ.

ಮೂರನೇ ಪಿರಿಯಡ್ಡಿಗೆ ಕರೆ ಬಂತು. ಹೆಡ್‌ಮಾಸ್ತರರ ಮುಂದೆ ಎರಡು ಕಾಗದಗಳಿದ್ದವು.

"ಏನ್ರಿ ಟೀಚರ್ ಇದು? ಒಬ್ರು ಬರದು ಕೊಡ್ರಿ ಅಂದ್ರ ಇಬ್ರೂ ಹೋಗ್ತೀನಿ ಅಂತ ಬರದೀರಿ? ಇಬ್ರನ್ನೂ ಕಳಿಸಿ ಗಣಿತ ನಾ ಕಲಿಸಲೇನು?"

ನಾನು ಶಾಹೀನಳನ್ನು ನೋಡಿದೆ. ಅವಳೂ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೆಳೆತನಕ್ಕಿಂತ ಹೆಚ್ಚಾಗಿ ಗಾಬರಿಯಿತ್ತು. ಇಬ್ಬರೂ ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರರು ಕಪಾಟಿನಿಂದ ನಮ್ಮ ಸೇವಾ ಪುಸ್ತಕಗಳನ್ನು ತೆಗೆದಿದ್ದರು. "ಹುಟ್ಟಿದ ತಾರೀಖು ನೋಡಿ ಬಿಡೂಣು. ವಯಸ್ಸಿನಾಗ ಸಣ್ಣವರು ಹೋಗಲಿ."

ಇಬ್ಬರದೂ ಒಂದೇ ವರ್ಷ. ಶಾಹೀನ್ ಹುಟ್ಟಿದ್ದು ರಾಯಚೂರಿನ ದವಾಖಾನೆಯಲ್ಲಿ, ಏಪ್ರಿಲ್ ಹತ್ತೊಂಬತ್ತು, ಗಂಟೆ ನಿಮಿಷ ಸಮೇತ ದಾಖಲೆಯಿದೆ. ನನ್ನದು ಜೂನ್ ಒಂದು.

ಜೂನ್ ಒಂದು ಎಂದರೆ ಶಾಲೆ ಸುರುವಾಗುವ ದಿನ. ಒಂದನೆಯ ಇಯತ್ತೆಗೆ ಸೇರಿಸಲು ಅವ್ವ ನನ್ನನ್ನು ಕರೆದೊಯ್ದಾಗ ಅಲ್ಲಿದ್ದ ಮಾಸ್ತರರು, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟು ಎಂದಿದ್ದರು. ಮುಟ್ಟಿದೆ. ಕಿವಿ ಸಿಕ್ಕರೆ ಶಾಲೆಯ ವಯಸ್ಸಾಯಿತೆಂದು ಲೆಕ್ಕ; ಅಷ್ಟಕ್ಕೇ ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಓಣಿಯಲ್ಲಿ ನನ್ನ ಜೊತೆ ಶಾಲೆಗೆ ಸೇರಿದ ಮಕ್ಕಳೆಲ್ಲ ದಾಖಲೆಯ ಪ್ರಕಾರ ಒಂದೇ ದಿನ ಹುಟ್ಟಿದವರು. ಇದನ್ನು ಹೆಡ್‌ಮಾಸ್ತರರಿಗೆ ಹೇಳಬೇಕೆಂದುಕೊಂಡೆ. ಹೇಳಿ ಏನು ಮಾಡುವುದು? ಅದು ಅಲ್ಲವೆಂದರೆ ಯಾವುದು ಎಂದು ಕೇಳುತ್ತಾರೆ. ನನ್ನ ಹತ್ತಿರ ಬೇರೆ ತಾರೀಖೇ ಇರಲಿಲ್ಲ.

"ಸುಜಾತಾ ಟೀಚರ್ ಒಂದೂವರಿ ತಿಂಗಳು ಸಣ್ಣವರು," ಎಂದು ಹೆಡ್‌ಮಾಸ್ತರರು ಪುಸ್ತಕ ಮುಚ್ಚಿದರು.

ರಾಯಚೂರಿನ ಕಚೇರಿಯಲ್ಲಿ ಪಟ್ಟಿ ತೋರಿಸುವ ಹೊತ್ತಿಗೆ ಮಾನ್ವಿ ಆಗಲೇ ಹೋಗಿತ್ತು, ದೇವಸುಗೂರೂ ಹೋಗಿತ್ತು. ನನ್ನ ಪಾಲಿಗೆ ಬಂದದ್ದು ಚಂದ್ರಬಂಡ. ರಾಯಚೂರಿನಲ್ಲಿದ್ದು ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಾದ ಊರು. ನೋಡಿ, ರಾಯಚೂರಿನವಳು ದೇವದುರ್ಗದಲ್ಲಿ ಉಳಿದಳು, ಮಾನ್ವಿಯವಳು ರಾಯಚೂರಿಗೆ ಹೊರಟಳು. ಇದರಲ್ಲಿ ಯಾರು ಗೆದ್ದರು ಎಂದು ದುರುಗಪ್ಪ ಸರ್ ಕೂಡ ಹೇಳಲಿಲ್ಲ.

ಹೊರಡುವ ಬೆಳಿಗ್ಗೆ ಜಿಟಿಜಿಟಿ ಮಳೆ. ಹುಲಿಗೆಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ಕಣ್ಣು ಒರೆಸಿಕೊಳ್ಳುತ್ತ, "ಅವತ್ತು ಹಾಲು ಒಡೀಬಾರದಿತ್ತು ನೋಡ್ರಿ ಟೀಚರ್. ನಾ ಚಾ ಮಾಡಿದ್ರ ಯಾರೂ ಗೆಲ್ತಿದ್ದಿಲ್ಲ," ಎಂದರು. ಶಾಹೀನ್ ಬಸ್‌ಸ್ಟ್ಯಾಂಡಿನ ತನಕ ಬಂದಳು. ಸೋಮವಾರದಿಂದ ನಾವು ಎರಡು ಕಾಗದಗಳ ವಿಷಯ ಎತ್ತಿರಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಅವಳು ಕೇಳಿದ್ದು ಇಷ್ಟೇ: "ಬಕೆಟ್ ನನಗ ಬಿಟ್ಟಿ, ಅಲ್ಲಿ ಏನ್ ಮಾಡ್ತಿ?"

"ಹೊಸಾದು ತೊಗೋತೀನಿ," ಎಂದೆ. ಬಸ್ಸು ಊರು ದಾಟಿದ ಮೇಲೆ ಆ ಬಕೆಟ್ಟಿಗಾಗಿ ಅತ್ತೆ.

ರಾಯಚೂರಿನಲ್ಲಿ ನನಗೆ ಖೋಲಿ ಹುಡುಕಿಕೊಟ್ಟವರು ಶಾಹೀನಳ ಅಮ್ಮಿ. ಅವರ ಮನೆಯಿಂದ ನಾಲ್ಕು ಮನೆ ಆಚೆ. ಮಗಳು ಫೋನು ಮಾಡಿ ಹೇಳಿದ್ದಳಂತೆ. ಚಂದ್ರಬಂಡದ ಮಕ್ಕಳು ಅರ್ಧ ತೆಲುಗಿನಲ್ಲಿ ಲೆಕ್ಕ ಕೇಳುತ್ತಿದ್ದರು, ನಾನು ಪೂರ್ತಿ ಕನ್ನಡದಲ್ಲಿ ಹೇಳುತ್ತಿದ್ದೆ, ಹೇಗೋ ತಾಳೆಯಾಗುತ್ತಿತ್ತು. ಶುಕ್ರವಾರ ಸಂಜೆ ಅಮ್ಮಿ ಊಟಕ್ಕೆ ಕರೆಯುತ್ತಿದ್ದರು. ನಾಲ್ಕು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು, ಬಂದುಹೋಗುವವರು. ಆ ಮನೆಯಲ್ಲಿ ಒಬ್ಬರಿಗೆ ಕಾಲು ಚಾಚಲು ಜಾಗವಿರಲಿಲ್ಲ, ಒಂದು ಗಳಿಗೆ ಮೌನವಿರಲಿಲ್ಲ. ಎರಡನೆಯ ಶುಕ್ರವಾರ ನಾನು ಕೇಳಿಯೇಬಿಟ್ಟೆ: "ಅಮ್ಮೀ, ಶಾಹೀನ್‌ಗ ಇಲ್ಲಿ ಬರೂದು ಇತ್ತೇನು?"

"ಆಕಿಗಾ? ಇಲ್ಲ ಬೇಟೀ," ಎಂದರು ಅಮ್ಮಿ, ನನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತ. "ಆ ಶನಿವಾರ ಮಳಿ ಬರಾಕತ್ತಿತ್ತು ನೋಡು, ನಾನೇ ಫೋನ್ ಹಚ್ಚಿದ್ದೆ. ಹೋಗ್ತೀನಿ ಅಂತ ಬರದು ಕೊಡು, ರಾಯಚೂರ ಬಾಜೂಕ ಕೇಳಿಕೊಂಡು ಮನೀಗೆ ಬಂದುಬಿಡು ಅಂದೆ. ಇಲ್ಲ ಅಮ್ಮೀ, ಇಲ್ಲಿ ನನಗ ಒಂದು ಖೋಲಿ ಅದ, ಒಬ್ಬ ಗೆಳತಿ ಇದ್ದಾಳ, ನಾ ಬರಂಗಿಲ್ಲ ಅಂದ್ಳು."

ಶನಿವಾರ ಹಾಗೆ ಹೇಳಿದವಳು ಸೋಮವಾರ ಯಾಕೆ ಹೋಗುತ್ತೇನೆಂದು ಬರೆದುಕೊಟ್ಟಳು? ಫೋನು ಮಾಡಿ ಕೇಳಬೇಕೆಂದುಕೊಂಡೆ. ಕೇಳಿದರೆ ಅವಳು ನನ್ನನ್ನೂ ಅದನ್ನೇ ಕೇಳುತ್ತಾಳೆ. ಕೈಗೆತ್ತಿಕೊಂಡ ಫೋನನ್ನು ಹಾಗೇ ಇಟ್ಟುಬಿಟ್ಟೆ.

ಮಳೆ ಹಿಂದಾಗಿ ತೊಗರಿ ಹೂ ಬಿಡುವ ಕಾಲಕ್ಕೆ, ಒಂದು ಎರಡನೆಯ ಶನಿವಾರ, ಚಂದ್ರಬಂಡದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಜೆಯಿದ್ದರೂ ಹತ್ತನೆಯ ಇಯತ್ತೆಗೆ ಹೆಚ್ಚಿನ ಪಾಠವಿತ್ತು. ಶಾಹೀನಳ ಫೋನು ಬಂತು.

"ಎಲ್ಲಿದ್ದೀನಿ ಹೇಳು?" ಎಂದಳು. ಬಹಳ ದಿನಕ್ಕೆ ಅವಳ ದನಿ ಮೊದಲಿನ ಹಾಗಿತ್ತು. "ನಿಮ್ಮ ಮನಿಯಾಗ. ಮಾನ್ವ್ಯಾಗ. ನಿನ್ನ ಒಂದು ಸೀರಿ ನನ್ನ ಟ್ರಂಕಿನಾಗ ಉಳದಿತ್ತು, ಕೊಟ್ಟು ಹೋಗೂಣು ಅಂತ ಬಂದೆ. ನಿಮ್ಮವ್ವ ಬಿಡವಲ್ಲಳು."

"ಛಲೋ ಆತು, ಊಟಾ ಮಾಡಿಕೊಂಡು ಹೋಗು."

"ಅದಿರಲಿ. ಲೇ, ನೀ ಯಾವಾಗ ಹುಟ್ಟಿದಾಕಿ ಅಂತ ನಿಮ್ಮವ್ವನ್ನ ಕೇಳಿದೆ."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಕಾಮಣ್ಣನ್ನ ಸುಟ್ಟ ಮರುದಿನ ಅಂತ. ಓಣಿಯಾಗ ಬಣ್ಣ ಆಡಾಕತ್ತಿದ್ರಂತ, ಸೂಲಗಿತ್ತಿ ಬರೂವಾಗ ಆಕಿ ಮೈತುಂಬಾ ಬಣ್ಣ ಇತ್ತಂತ. ನನಗಿಂತ ಮೊದಲ ಹುಟ್ಟೀದಿ ನೀನು. ಒಂದು ತಿಂಗಳು ದೊಡ್ಡಾಕಿ. ಅಂದ್ರ ಹೋಗಬೇಕಾದಾಕಿ ನಾನು ಇದ್ದೆ."

ರಸ್ತೆಯ ಆಚೆ ಹತ್ತಿಯ ಹೊಲದಲ್ಲಿ ಯಾರೋ ಎತ್ತುಗಳನ್ನು ಕೂಗಿ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ನನಗೆ ಹುಟ್ಟಿದ ದಿನವಿಲ್ಲ ಎಂದೇ ನಂಬಿಕೊಂಡಿದ್ದೆ. "ಅವ್ವನ ಕೈಯಾಗ ಫೋನ್ ಕೊಡು," ಎಂದೆ.

"ಯವ್ವಾ, ನಿನಗ ಗೊತ್ತಿತ್ತೇನು? ಮತ್ತ ಸಾಲ್ಯಾಗ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರವ್ವಾ?" 'ಯಾಕೆ ಇಂಥ ಸುಲಭದ ಮಾತು ತಿಳಿಯದು ಇವಳಿಗೆ' ಎಂಬಂತಿತ್ತು ಅವ್ವನ ದನಿ. "ಮಾಸ್ತರರು ಕಿವಿ ಮುಟ್ಟು ಅಂದ್ರು, ನೀ ಮುಟ್ಟಿದಿ, ಬರಕೊಂಡ್ರು. ನಾ ಬಾಗಿಲ ಹೊರಗ ನಿಂತಿದ್ದೆ. ನೀನಾರ ಯಾವಾಗ ಕೇಳೀದಿ? ಈ ಹುಡುಗಿ ಇವತ್ತು ಕೇಳ್ತು, ಹೇಳಿದೆ."

ಫೋನು ಮತ್ತೆ ಶಾಹೀನಳ ಕೈಗೆ ಹೋಯಿತು.

"ಅವತ್ತು ನಿನಗ ಖರೇನ ಏನು ಬೇಕಾಗಿತ್ತು?" ಎಂದು ಕಡೆಗೂ ಕೇಳಿದೆ. "ಇರೂದೋ, ಹೋಗೂದೋ?"

"ಆಟ ಆಡೂವಾಗ ಗೊತ್ತಿದ್ದಿಲ್ಲ. ಕಾಗದ ಬರೆಯೂವಾಗೂ ಗೊತ್ತಿದ್ದಿಲ್ಲ. ನೀ ಬಸ್ ಹತ್ತಿ ಹೋದ ಮ್ಯಾಲ ಖೋಲಿಗೆ ಬಂದೆ ನೋಡು, ಆವಾಗ ಗೊತ್ತಾತು."

"ಏನು?"

"ಖೋಲಿ ಬೇಕಾಗಿತ್ತು ಅಂತ ತಿಳಕೊಂಡಿದ್ದೆ. ಖೋಲಿ ಅಲ್ಲ."

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ ಅವ್ವನ ದನಿ ಕೇಳಿಸಿತು: "ಯವ್ವಾ, ಅನ್ನ ಆರಾಕತ್ತದ, ಬಾ." ನನ್ನನ್ನು ಕರೆಯುವ ದನಿಯೇ ಅದು, ಅದೇ ರಾಗ. "ಬಂದೆ ಅವ್ವಾ," ಎಂದು ನಾನು ಹೇಳುವುದರೊಳಗೆ ಶಾಹೀನ್ ಹೇಳಿದಳು. ಆಮೇಲೆ ಫೋನು ಇಡುವುದನ್ನು ಮರೆತೇ ಎದ್ದು ಹೋದಳೆಂದು ಕಾಣುತ್ತದೆ. ತಟ್ಟೆ ಇಟ್ಟ ಸದ್ದು, ನೀರಿನ ಚೆಂಬಿನ ಸದ್ದು, ನನ್ನ ತಂಗಿಯ ನಗು. ಬಸ್ಸು ಬಂದು ನಿಂತು, ಕಂಡಕ್ಟರ್ ಎರಡು ಸಲ ಕರೆದರೂ ಹತ್ತದೆ, ನಾನು ಕಿವಿಗೆ ಫೋನು ಹಿಡಿದು ನಮ್ಮ ಮನೆಯ ಊಟವನ್ನು ಕೇಳುತ್ತ ನಿಂತಿದ್ದೆ.